ಅವರ ಹೆಸರಿನ ಲಾಗಿನ್

ಏಪ್ರಿಲ್ ಬಿಸಿಲು ಸುಡುತ್ತಿದ್ದರೂ ನಮ್ಮ ಸೂಪರ್‌ವೈಸರ್ ತಲೆಗೆ ಕಂದು ಮಫ್ಲರ್ ಸುತ್ತಿಕೊಂಡೇ ಸರ್ವರ್ ರೂಮಿಗೆ ಬರುತ್ತಿದ್ದರು. ಎಸಿಯ ಚಳಿ ಅವರಿಗೆ ಆಗುತ್ತಿರಲಿಲ್ಲ. ಬಲಗಿವಿ ಮಾತ್ರ ಹೊರಗೆ. ಅದನ್ನು ಒಂದೊಂದು ಸರ್ವರಿಗೂ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಒಳಗಿನ ಫ್ಯಾನಿನ ಸದ್ದು ಕೇಳುತ್ತಿದ್ದರು. ಆ ಕಿವಿ ಸದಾ ಕೆಂಪಗಿರುತ್ತಿತ್ತು.

ಆರ್.ಟಿ. ನಗರದ ಒಂದು ಖಾಸಗಿ ಆಸ್ಪತ್ರೆ ಅದು. ಕೊಡಿಗೇಹಳ್ಳಿಯ ಹಳೇ ಊರಿನವರಾದ ಅವರು ಅಲ್ಲಿಗೆ ಎಲೆಕ್ಟ್ರಿಷಿಯನ್ ಆಗಿ ಸೇರಿ, ಕೇಳಿ ಕೇಳಿ ಕಲಿತು ಮೇಲೆ ಬಂದವರು. ನಾನು ಪ್ರೊಬೇಷನ್‌ನಲ್ಲಿದ್ದ ಹೊಸಬಳು. ಸರ್ವರುಗಳ ಬಿಸಿ, ಡಿಸ್ಕು, ಫ್ಯಾನು, ಕರೆಂಟು ಎಲ್ಲವನ್ನೂ ಕಾಯಲು ಮಾನಿಟರಿಂಗ್ ಸಾಫ್ಟ್‌ವೇರ್ ಇತ್ತು; ಏನಾದರೂ ಕೆಟ್ಟರೆ ಪರದೆ ಕೆಂಪಾಗಿ ನಮ್ಮ ಫೋನು ಹೊಡೆದುಕೊಳ್ಳುತ್ತಿತ್ತು. ಇಷ್ಟೆಲ್ಲ ಇರುವಾಗ ಈ ಕಿವಿ ಯಾಕೆ ಎಂದು ನನಗೆ ಮೈಯೆಲ್ಲ ಉರಿ. ಸಾಲದ್ದಕ್ಕೆ ಪ್ರತಿ ತಿಂಗಳ ಒಂದನೇ ತಾರೀಖು ಯಾವುದಾದರೂ ಸರ್ವರಿನ ಎರಡು ಪವರ್ ಕೇಬಲ್‌ಗಳಲ್ಲಿ ಒಂದನ್ನು ಹೇಳದೆ ಕೇಳದೆ ಕಿತ್ತುಬಿಡುತ್ತಿದ್ದರು, ಎಚ್ಚರಿಕೆ ಬರುತ್ತದೋ ಇಲ್ಲವೋ ನೋಡಲು. ನಾನು ತಿಂಡಿ ಬಿಟ್ಟು ಓಡಿ ಬಂದರೆ ನಗುತ್ತಾ ನಿಂತಿರುತ್ತಿದ್ದರು.

"ನಾಯಿ ಸಾಕಿದ್ರೆ ಸಾಲ್ದಮ್ಮ, ಬೊಗಳ್ತದಾ ಅಂತ ಆಗಾಗ ನೋಡ್ಬೇಕು."

ನನ್ನ ಪಾಲಿಗೆ ಅದು ಬೊಗಳುವುದನ್ನು ನಿಲ್ಲಿಸಿದ್ದೇ ಇಲ್ಲ. ಒಂದು ವಾರ ಎಸಿ ಕೆಟ್ಟಿತು. ಅವರು ರಿಪೇರಿಯವರ ಜೊತೆ ತಾರಸಿಯ ಮೇಲೆ. ಕೆಳಗೆ ನಾನು, ಕೈಯಲ್ಲಿ ನಿಮಿಷಕ್ಕೊಮ್ಮೆ ಕಿರುಚುವ ಫೋನು. ತಲೆ ಚಿಟ್ಟು ಹಿಡಿದು, ಸ್ಕ್ಯಾನಿಂಗ್ ವಿಭಾಗದ ಸರ್ವರಿನ ಎಚ್ಚರಿಕೆಗಳನ್ನೆಲ್ಲ ಬಂದ್ ಮಾಡಿದೆ. ಬಿಸಿಯದ್ದೊಂದೇ ಸಾಕಿತ್ತು, ಡಿಸ್ಕಿನದ್ದೂ ಸೇರಿ ಹೋಯಿತು. ಎಸಿ ಸರಿಯಾಯಿತು, ನಾನು ಮರೆತೆ. ಆ ದರಿದ್ರ ಸಾಫ್ಟ್‌ವೇರಾದರೂ ಎಚ್ಚರಿಸಬಾರದೇ? ಬಾಯಿ ಕಟ್ಟಿದ ಸರ್ವರನ್ನೂ ಹಸಿರು ಬಣ್ಣದಲ್ಲೇ ತೋರಿಸುತ್ತಿತ್ತು.

ಆಮೇಲೆ ಅವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ರಜೆ ಹಾಕಿದರು. ಆಗಲೇ ಆ ಸ್ಕ್ಯಾನಿಂಗ್ ಸರ್ವರಿನ ಒಂದು ಡಿಸ್ಕ್ ಸತ್ತಿತು. ಸರ್ವರಿನ ಮುಂದೆ ಹಳದಿ ದೀಪ ಉರಿಯುತ್ತಿತ್ತಂತೆ. ಪರದೆ ಹಸಿರಾಗಿದೆಯಲ್ಲ ಎಂದು ನಾನು ಆ ರೂಮಿನ ಬಾಗಿಲನ್ನೇ ತೆಗೆದಿರಲಿಲ್ಲ. ಒಂದು ಸತ್ತರೆ ಉಳಿದವು ಹೇಗೋ ಕೆಲಸ ನಡೆಸುತ್ತವೆ; ಎರಡನೆಯದೂ ಸತ್ತಾಗ, ಬ್ಯಾಕಪ್ಪಿಗೆ ಇನ್ನೂ ಸೇರದ ನಾಲ್ಕು ದಿನದ ಸ್ಕ್ಯಾನುಗಳು ಹೋದವು. ರೋಗಿಗಳನ್ನು ಮತ್ತೆ ಕರೆಸಬೇಕಾಯಿತು. ಜಕ್ಕೂರಿನಿಂದ ಎರಡು ಬಸ್ಸು ಬದಲಿಸಿ ಬಂದ ಅಜ್ಜಿಯೊಬ್ಬರು, ಮತ್ತೆ ಯಾಕಪ್ಪಾ ಎಂದು ಎಲ್ಲರನ್ನೂ ಕೇಳುತ್ತಿದ್ದರು.

ವಿಚಾರಣೆಯಾಯಿತು. ಎಚ್ಚರಿಕೆ ಬಂದ್ ಮಾಡಿದ್ದು ಯಾರೆಂದು ಸಾಫ್ಟ್‌ವೇರಿನಲ್ಲಿ ನೋಡಿದರೆ ಸೂಪರ್‌ವೈಸರ್ ಹೆಸರು. ನಾವೆಲ್ಲ ಬಳಸುತ್ತಿದ್ದುದು ಅವರ ಲಾಗಿನ್ನನ್ನೇ; ಪಾಸ್‌ವರ್ಡಿನ ಚೀಟಿ ಪರದೆಯ ಅಂಚಿಗೇ ಅಂಟಿಕೊಂಡಿತ್ತು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದ ಅವರು ನನ್ನ ಕಡೆ ಒಮ್ಮೆ ತಿರುಗಿದರು.

"ನನ್ ಎಸ್ರೇ ಐತಲ್ಲ ಸಾರ್. ನಂದೇ ತಪ್ಪು."

ಅವರನ್ನು ಜನರೇಟರ್ ಶೆಡ್ಡಿಗೆ ಹಾಕಿದರು. ಮುಂದಿನ ತಿಂಗಳು ನನ್ನ ಕೆಲಸ ಖಾಯಂ ಆಯಿತು. ಶೆಡ್ಡಿಗೆ ಹೋಗಿ, ಯಾಕೆ ಹೀಗೆ ಮಾಡಿದಿರಿ ಎಂದು ಜಗಳಕ್ಕೇ ನಿಂತೆ. ನನ್ನ ಸರ್ವೀಸು ಮುಗಿಯುತ್ತಾ ಬಂತು, ನಿನ್ನದು ಈಗ ಶುರು ಎಂದರು. ಮೊದಲು ಹೋಗಿ ನಿನ್ನ ಹೆಸರಿನಲ್ಲಿ ಲಾಗಿನ್ ಮಾಡಿಸಿಕೋ ಎಂದರು. ನನ್ನನ್ನು ಕೇಳದೆ ನನ್ನ ತಪ್ಪು ಹೊರಲು ಇವರು ಯಾರು ಎಂದು ವರ್ಷಗಟ್ಟಲೆ ಕುದಿದೆ. ನಿಜ ಹೇಳದಂತೆ ನನ್ನ ಬಾಯಿಗೆ ಬೀಗ ಹಾಕಿದವರು ಮಾತ್ರ ಯಾರೂ ಇರಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಹನ್ನೊಂದನೇ ದಿನ ಕೊಡಿಗೇಹಳ್ಳಿಯ ಮನೆಗೆ ಹೋಗಿ, ಅವರ ಹೆಂಡತಿಯ ಪಕ್ಕ ಕೂತು, ಅದು ನಾನು ಮಾಡಿದ ತಪ್ಪು ಎಂದು ಹೇಳಿಬಿಟ್ಟೆ.

"ಮನೇಲೂ ಯೇಳ್ಲಿಲ್ವಲ್ಲಮ್ಮಾ ಅವ್ರು. ಕಣ್ ಕಾಣ್ದೆ ಏನೋ ಒತ್ತಿ ಕೆಡಿಸವ್ರೆ ಅಂತ ಸಾಯೋಗಂಟ ನಾನೂ ಬೈತಾ ಇದ್ನಲ್ಲಮ್ಮಾ."