ಮುನಿರಾಜಣ್ಣ ಆಮೆನ್ ಅನ್ನಲಿಲ್ಲ

ಜಯಕ್ಕ, ನಿಮ್ಮ ಯಜಮಾನರು ಸಾಯುವ ಮುಂಚೆ ಆಮೆನ್ ಅನ್ನಲಿಲ್ಲ. ಅಂದರು ಎಂದು ನಾನು ಹೇಳಿದ್ದು ಸುಳ್ಳು.

ನಾಳೆ ನಿಮ್ಮ ಎದುರು ಕೂತು ಹೇಳಬೇಕಾದ್ದನ್ನು ಈಗ ಇಲ್ಲಿ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಇಷ್ಟು ವರ್ಷ ಈ ಎರಡು ಮಾತು ಬಾಯಿಗೆ ಬರಲಿಲ್ಲ. ನನ್ನ ಬಾಯಿಯೇನು ಸಾಮಾನ್ಯವೇ? ಶೆಟ್ಟಿಹಳ್ಳಿಯ ಪ್ರಾರ್ಥನಾ ಕೂಟದಲ್ಲಿ ಹೆಂಗಸರು ಸೈಟಿನ ರೇಟು ಶುರು ಮಾಡಿದರೆ ಸಾಕು, “ಈ ಮಣ್ಣಿನ ಮಾತು ಸಾಕು, ನಿತ್ಯತ್ವದ ಕಡೆ ನೋಡ್ರೀ” ಎಂದು ಎದ್ದು ನಿಂತು ದಬಾಯಿಸುತ್ತಿದ್ದೆ. ನೀವು ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸುತ್ತಿದ್ದಿರಿ.

ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ನೀವು ಯೇಸುವನ್ನು ನಂಬಿದಿರಿ. ಮುನಿರಾಜಣ್ಣ ನಂಬಲಿಲ್ಲ, ನಿಮ್ಮನ್ನು ತಡೆಯಲೂ ಇಲ್ಲ. ಭಾನುವಾರ ನಿಮ್ಮನ್ನು ಸ್ಕೂಟರಿನಲ್ಲಿ ಸಭೆಗೆ ಬಿಟ್ಟು, ಎದುರಿನ ಟೀ ಅಂಗಡಿಯಲ್ಲಿ ಕಾಯುತ್ತಿದ್ದರು. ಪ್ರಸಂಗ ಉದ್ದವಾದ ದಿನ ನನ್ನನ್ನು ಕಂಡರೆ, “ಏನಮ್ಮಾ, ಇವತ್ತು ನಿಮ್ ದೇವ್ರು ಬಿಡಂಗಿಲ್ವಾ? ಊಟದ ಒತ್ತಾಯ್ತು” ಎಂದು ಕಾಲೆಳೆಯುತ್ತಿದ್ದರು. ಅವರೂ ಯೇಸುವನ್ನು ನಂಬಿ ರಕ್ಷಣೆ ಹೊಂದಲಿ ಎಂದು ನಾವು ಉಪವಾಸವಿದ್ದು ಪ್ರಾರ್ಥಿಸುವುದು ಅವರಿಗೂ ಗೊತ್ತಿತ್ತು. ಅದಕ್ಕೂ ನಗುತ್ತಿದ್ದರು.

ಆ ಮಧ್ಯಾಹ್ನ ಆಸ್ಪತ್ರೆಯಲ್ಲಿ ನೀವು ಡಾಕ್ಟರನ್ನು ಕಾಣಲು ಕೆಳಗೆ ಹೋದಿರಿ. ಅವರ ಪಕ್ಕ ನಾನೊಬ್ಬಳೇ. ಪ್ರಾರ್ಥನೆ ಮಾಡಲಾ ಎಂದು ಕೇಳಿದೆ. ಕಣ್ಣು ಮುಚ್ಚಿಕೊಂಡರು — ಒಪ್ಪಿಗೆಯೋ, ಸುಸ್ತೋ, ನನ್ನ ಮನಸ್ಸು ನೋಯಿಸಬಾರದು ಅಂತಲೋ. ಪ್ರಾರ್ಥಿಸಿ ಆಮೆನ್ ಎಂದೆ. ಅವರೂ ಅನ್ನಲಿ ಎಂದು ಕಾದೆ. ಅವರು ಕಣ್ಣು ಬಿಟ್ಟು ಬೇರೆಯದೇ ಒಂದು ಮಾತು ಹೇಳಿದರು. ಅದನ್ನೂ ಹೇಳುತ್ತೇನೆ, ಸ್ವಲ್ಪ ತಾಳಿ. ಆಮೇಲೆ ಅವರು ಮಾತಾಡಲಿಲ್ಲ. ನೀವು ಮೇಲೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನೀವು ಮೊದಲು ಅಳಲಿಲ್ಲ. ನನ್ನ ಭುಜ ಹಿಡಿದು ಅಲ್ಲಾಡಿಸಿದಿರಿ. “ಕೊನೆಗಾದ್ರೂ ಒಪ್ಕೊಂಡ್ರಾ? ಹೇಳೇ ಎಸ್ತರ್, ಒಪ್ಕೊಂಡ್ರಾ?”

“ಆಮೆನ್ ಅಂದ್ರಕ್ಕ.”

ಅಷ್ಟೇ. ಆಗ ನೀವು ಅತ್ತಿರಿ, ದೇವರಿಗೆ ಸ್ತೋತ್ರ ಎನ್ನುತ್ತಾ ಅತ್ತಿರಿ.

ತಮ್ಮನನ್ನು ಅಬ್ಬಿಗೆರೆಯ ತೋಟದಲ್ಲಿ ಅಪ್ಪನ ಪಕ್ಕ ಮಣ್ಣು ಮಾಡಬೇಕೆಂದು ನಿಮ್ಮ ಭಾವ ಬಂದಿದ್ದರು. ವಿಷಯ ತಿಳಿದು ನನ್ನನ್ನು ವರಾಂಡಕ್ಕೆ ಕರೆದು, “ನನ್ ತಮ್ಮ ನಿಜ್ವಾಗ್ಲೂ ಅಂಗಂದ್ನಾ ತಾಯೀ?” ಎಂದು ಕೇಳಿದರು. ಹೌದಣ್ಣ ಎಂದೆ. ಎರಡನೇ ಸಲ ಹೇಳುವುದು ಸುಲಭವಾಗಿತ್ತು. ಆ ಹಿರಿಯರು ಜಗಳವಾಡಲಿಲ್ಲ, ಟವೆಲ್ಲು ಕೊಡವಿಕೊಂಡು ಹೊರಟುಹೋದರು. ಮುನಿರಾಜಣ್ಣ ನಮ್ಮವರ ಸ್ಮಶಾನದಲ್ಲಿ ಮಲಗಿದರು. ಅಂದಿನಿಂದ ಪಿತೃಪಕ್ಷದಲ್ಲಿ ಆ ಮನೆಯವರು ತೀರಿಕೊಂಡವರಿಗೆಲ್ಲ ಎಲೆ ಹಾಕಿ ಎಡೆ ಇಡುವಾಗ ಮುನಿರಾಜಣ್ಣನಿಗೆ ಮಾತ್ರ ಇಡುವುದಿಲ್ಲವಂತೆ, ಅವನು ಕ್ರೈಸ್ತರ ಕಡೆಯವನಾದ ಎಂದು. ಎಡೆ ಸತ್ತವರನ್ನು ಮುಟ್ಟುತ್ತದೆಂದು ನಾನು ನಂಬುವವಳಲ್ಲ. ಆದರೂ ಅದನ್ನು ಕೇಳಿದ ದಿನ ನನಗೆ ಅನ್ನ ಇಳಿಯಲಿಲ್ಲ. ಯಾಕೆ — ನಂಬದವಳಿಗೆ ಯಾಕೆ ಇಳಿಯಬಾರದು?

ನೀವು ಆ ಆಮೆನ್ ಮಾತನ್ನು ಸಭೆಯಲ್ಲಿ ಸಾಕ್ಷಿಯಾಗಿ ಹೇಳಿದಿರಿ. ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ನನ್ನ ತಲೆ ಕೆಟ್ಟುಹೋಗಿದೆ ಅಕ್ಕ. ಒಂದು ದಿನ ಅನ್ನಿಸುತ್ತದೆ — ಮನಸ್ಸಿನಲ್ಲೇ ಅಂದಿರಬಹುದಲ್ಲ, ದೇವರಿಗೆ ಕೇಳಿಸಲು ತುಟಿ ಅಲ್ಲಾಡಲೇಬೇಕೇ? ಮರುದಿನ — ಹಾಗಾದರೆ ನೀನು ಯಾಕೆ ಸುಳ್ಳು ಹೇಳಿದೆ? ದೇವರ ಕೈಲಾಗದ್ದನ್ನು ನೀನು ಪೂರೈಸಿಕೊಟ್ಟೆಯಾ? ನಿಮ್ಮ ಮೇಲಿನ ಪ್ರೀತಿಯಿಂದ ಹೇಳಿದೆ ಎಂದುಕೊಂಡಿದ್ದೆ. ಈಗ ನೋಡಿದರೆ, ಅಷ್ಟು ಉಪವಾಸ ಮಾಡಿಸಿದವಳು ನಾನು, ಬರಿಗೈಯಲ್ಲಿ ಹೇಗೆ ಎದ್ದು ಬರಲಿ ಎಂಬ ನಾಚಿಕೆಯೂ ಇತ್ತು. ನಾಚಿಕೆಯೇ ಹೆಚ್ಚಿತ್ತೇನೋ. ನಿತ್ಯತ್ವ ನಿತ್ಯತ್ವ ಎಂದು ಊರಿಗೆಲ್ಲ ಹೇಳುತ್ತಿದ್ದವಳು ಅವತ್ತು ಮರುದಿನದ ಬಗ್ಗೆಯೂ ಯೋಚಿಸಲಿಲ್ಲ.

ಈಗ ಸುಮ್ಮನಿರುವ ಹಾಗಿಲ್ಲ. ಹೃದಯದ ಆಪರೇಷನ್ ಮಾಡಿಸಿದರೆ ನೀವು ಇನ್ನೂ ಬಹಳ ಕಾಲ ಚೆನ್ನಾಗಿರುತ್ತೀರಿ, ಬಿಟ್ಟರೆ ಕಷ್ಟ ಎಂದು ಮೊನ್ನೆ ಹೆಬ್ಬಾಳದಲ್ಲಿ ಡಾಕ್ಟರು ಹೇಳಿದರು. ಮನೆಗೆ ಬರುತ್ತಾ ಆಟೋದಲ್ಲಿ ನೀವು ನಕ್ಕಿರಿ. “ಬೇಡ ಬಿಡೇ. ಪರಲೋಕದಲ್ಲಿ ಅವರು ಒಬ್ರೇ ಕಾಯ್ತಿದ್ದಾರೆ. ನಿತ್ಯತ್ವದ ಕಡೆ ನೋಡು ಅಂತ ನೀನೇ ಅಲ್ವಾ ಹೇಳೋದು?” ನಾನು ರಸ್ತೆ ಕಡೆ ಮುಖ ತಿರುಗಿಸಿಕೊಂಡೆ. ನನ್ನ ಒಂದು ಮಾತಿನ ಮೇಲೆ ಭಾರ ಹಾಕಿ ನೀವು ಸಾಯಲು ಹೊರಟಿದ್ದೀರಿ — ನಗುತ್ತಾ ಹೊರಟಿದ್ದೀರಿ. ನಿಜ ಹೇಳಿದರೆ ಆ ನಗು ಹೋಗುತ್ತದೆ. ಹೇಳದಿದ್ದರೆ ನೀವೇ...

ಅವರು ಹೇಳಿದ್ದು ಇದು: “ಅವ್ಳಿಗೆ ಯೇಳಮ್ಮಾ, ಅಲ್ಲೋದ್ಮೇಲೆ ನನ್ನ ಉಡುಕ್‌ಬ್ಯಾಡ ಅಂತ. ಸಿಗ್ದಿದ್ರೆ ಬೇಜಾರ್ ಮಾಡ್ಕೊಂತಾಳೆ.”

ಈ ಮಾತು ನಿಮ್ಮದು. ಇದನ್ನು ನುಂಗಿಕೊಂಡು, ಇದರ ಜಾಗದಲ್ಲಿ ನನಗೆ ಬೇಕಾದದ್ದನ್ನು ನಿಮಗೆ ಕೊಟ್ಟೆ. ನಾಳೆ ಬೆಳಿಗ್ಗೆ ಬಂದು ಎಲ್ಲವನ್ನೂ ಹೇಳುತ್ತೇನೆ, ಅಲ್ಲಿಂದ ನಿಮ್ಮ ಭಾವನ ಮನೆಗೆ ಹೋಗುತ್ತೇನೆ. ನೀವು ಬೈಯಿರಿ, ಬಾಗಿಲು ಹಾಕಿಕೊಳ್ಳಿ; ಕ್ಷಮಿಸಿ ಎಂದು ನಾನು ಕೇಳುವುದಿಲ್ಲ. ಆದರೆ ನನಗೆ ಗೊತ್ತು, ಅದೆಲ್ಲ ಆದ ಮೇಲೆ ನೀವು ನನ್ನ ಭುಜ ಹಿಡಿದು ಒಂದೇ ಪ್ರಶ್ನೆ ಕೇಳುತ್ತೀರಿ — ಹಾಗಾದರೆ ಅವರು ಅಲ್ಲಿ ಇದ್ದಾರೋ ಇಲ್ಲವೋ ಎಂದು.

ನನಗೆ ಗೊತ್ತಿಲ್ಲ ಅಕ್ಕ. ಅವತ್ತೂ ಗೊತ್ತಿರಲಿಲ್ಲ.