ಜನಿವಾರದ ಬೀಗದ ಕೈ

ನಾನು ದೇವರನ್ನು ನಂಬುವವನು. ಆದರೆ ಹೆಂಗಸರ ಎಲ್ಲ ರೂಢಿಗಳನ್ನೂ ನಂಬಿದವನಲ್ಲ. ಶಾಸ್ತ್ರಾಧಾರವಿಲ್ಲದ್ದನ್ನು ಬದಿಗೆ ಸರಿಸುವುದು ಗುರುಗಳಿಂದ ಬಂದ ಅಭ್ಯಾಸ. ಆ ಒಂದು ಮಧ್ಯಾಹ್ನದ ಸಂಗತಿಯನ್ನು ಮಾತ್ರ ಹಾಗೆ ಸರಿಸಲು ಇಂದಿಗೂ ಆಗಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು. ಮಗಳು ಚೊಚ್ಚಲ ಹೆರಿಗೆಗೆಂದು ಸಾಲಿಗ್ರಾಮದ ನಮ್ಮ ಮನೆಗೆ ಬಂದಿದ್ದಳು. ದಿನ ತುಂಬಿ ವಾರ ಕಳೆದರೂ ನೋವು ಕಾಣಿಸಲಿಲ್ಲ. ಕೆ.ಆರ್. ನಗರದ ಡಾಕ್ಟರಮ್ಮ ಬೆಳಿಗ್ಗೆ ಪರೀಕ್ಷಿಸಿ, ನೋವು ಬರಿಸುವ ಜೆಲ್ ಹಾಕಿ, ಮಗುವಿನ ಎದೆಬಡಿತವನ್ನು ಸ್ವಲ್ಪ ಹೊತ್ತು ಗಮನಿಸಿ ಮನೆಗೆ ಕಳಿಸಿಬಿಟ್ಟರು. ನೋವು ಶುರುವಾದೊಡನೆ ಬರಬೇಕು, ನಾಳೆ ಬೆಳಗಿನವರೆಗೂ ಬಾರದಿದ್ದರೆ ಆಪರೇಷನ್ ಎಂದರು. ಆ ಮಾತಿಗೇ ಮಗಳು ಹೆದರಿಬಿಟ್ಟಿದ್ದಳು. ನನಗಂತೂ ಔಷಧಿ ಹಾಕಿ ಮನೆಗೆ ಕಳಿಸುವ ಈ ಕ್ರಮದ ಮೇಲೆಯೇ ಅನುಮಾನ. ಗುಣವಿರುವ ಔಷಧಿಯಾದರೆ ಅಲ್ಲೇ ಇರಿಸಿಕೊಳ್ಳಬಾರದಿತ್ತೆ?

ನಮ್ಮ ಮನೆಯಲ್ಲೇ ಇದ್ದ ನನ್ನ ಅಕ್ಕ, ನಾವು ಬಂದೊಡನೆ ತಮ್ಮ ಚಿಕಿತ್ಸೆ ಆರಂಭಿಸಿದರು. ಬಾಗಿಲು, ಬೀರು, ಸಾಸಿವೆ ಡಬ್ಬಿಯ ಮುಚ್ಚಳ ಎಲ್ಲವನ್ನೂ ತೆರೆದರು; ಹಸುವಿನ ಹಗ್ಗವನ್ನೂ ಬಿಚ್ಚಿದರು. ಮನೆಯಲ್ಲಿ ಏನಾದರೂ ಬಿಗಿದಿದ್ದರೆ ಹೆರಿಗೆಯೂ ಬಿಗಿಯುವುದಂತೆ. ಉಳಿದದ್ದು ದೇವರ ಕೋಣೆಯ ಬೆಳ್ಳಿ ಸಾಮಾನಿನ ಪೆಟ್ಟಿಗೆ. ಅದರ ಬೀಗದ ಕೈ ಸದಾ ನನ್ನ ಜನಿವಾರದಲ್ಲಿರುತ್ತದೆ.

"ಬೀಗದ ಕೈ ಕೊಡೋ" ಎಂದರು.

"ಡಾಕ್ಟರ ಔಷಧಿಗೂ ನಮ್ಮ ಪಂಚಪಾತ್ರೆಗೂ ಏನಕ್ಕಾ ಸಂಬಂಧ?" ಎಂದೆ.

"ಹೆರೋನು ನೀನಲ್ಲವಲ್ಲ, ಅದಕ್ಕೇ ಹೀಗೆ ಮಾತಾಡ್ತೀಯ ಕಣೋ" ಎಂದು ಗೊಣಗುತ್ತ ಹೋದರು.

ಅಕ್ಕ ಬಿಡುವವರಲ್ಲವೆಂಬ ಗುಮಾನಿಯಿಂದ, ಊಟವಾದ ಮೇಲೆ ದೇವರ ಕೋಣೆಯ ಹೊಸ್ತಿಲಲ್ಲೇ ಚಾಪೆ ಹಾಕಿ ಜಪಕ್ಕೆ ಕುಳಿತೆ. ಕಣ್ಣು ಮುಚ್ಚಿದ್ದೆ; ನಿದ್ರಿಸಲಿಲ್ಲವೆಂದೇ ನನ್ನ ನೆನಪು. ಒಳಗೆ ಕಟಕ್ ಎಂದಿತು. ತಿರುಗಿ ನೋಡಿದರೆ ಪೆಟ್ಟಿಗೆಯ ಬೀಗ ತೆರೆದು ತೂಗುತ್ತಿತ್ತು. ಕೈ ತಾನಾಗಿ ಎದೆಗೆ ಹೋಯಿತು. ಬೀಗದ ಕೈ ಅಲ್ಲೇ ಇತ್ತು, ಮೈಯ ಬಿಸಿಗೆ ಬೆಚ್ಚಗಾಗಿ. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಮಗಳು ನೋವಿನಿಂದ ಅಮ್ಮನನ್ನು ಕರೆದಳು.

ಕೂಡಲೇ ಕೆ.ಆರ್. ನಗರಕ್ಕೆ ಹೊರಟೆವು. ಬೆಳಗಾಗುವ ಮೊದಲೇ, ಆಪರೇಷನ್ ಇಲ್ಲದೆ ಹೆಣ್ಣುಮಗು ಹುಟ್ಟಿತು. ಔಷಧಿ ಚೆನ್ನಾಗಿ ಹಿಡಿಯಿತು ಎಂದರು ಡಾಕ್ಟರಮ್ಮ. ಇರಬಹುದು.

ಮನೆಗೆ ಬಂದು ಅಕ್ಕನನ್ನು ಅನುಮಾನದಿಂದಲೇ ವಿಚಾರಿಸಿದೆ.

"ನಾನು ಬೀದಿಯಲ್ಲಿ ಹಸು ಹುಡುಕ್ತಿದ್ದೆ. ಬೀಗದ ಕೈ ನಿನ್ನ ಮೈಮೇಲೇ ಇತ್ತಲ್ಲ, ನನ್ನನ್ನೇನು ಕೇಳ್ತೀಯ?"

ಅವರು ಬೀದಿಯಲ್ಲಿದ್ದುದನ್ನು ನೆರೆಯವರೂ ಕಂಡಿದ್ದರು.

ಬೀಗ ಸವೆದಿರಬೇಕೆಂದು ಎಷ್ಟೋ ಸಲ ಹಾಕಿ ಜಗ್ಗಿ ನೋಡಿದ್ದೇನೆ. ಅಲುಗುವುದಿಲ್ಲ. ಮಗಳು ಎರಡನೆಯ ಹೆರಿಗೆಗೆ ಬರುವ ಹೊತ್ತಿಗೆ ಅಕ್ಕ ತೀರಿಕೊಂಡಿದ್ದರು. ಯಾರೂ ಕೇಳದಿದ್ದರೂ ನಾನೇ ಹೋಗಿ ಪೆಟ್ಟಿಗೆಯ ಬೀಗ ತೆಗೆದಿಟ್ಟೆ. ನಂಬಿಕೆಯಿಂದಲೋ ಭಯದಿಂದಲೋ, ಹೇಳಲಾರೆ.