ದಿಗಿಲೆಂಬ ಮಾತು ಕಲಿತ ಊರು

ತುರುವೇಕೆರೆಗೆ ಬಂದ ಮೂರನೆಯ ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ತಲೆಯ ಮೇಲೆ ಮನೆಯೇ ಉರುಳಿದಂತೆ ಸದ್ದಾಯಿತು. ಹಿಟ್ಟಿನ ಕೈಯಲ್ಲೇ ಮಗಳನ್ನು ಎಳೆದುಕೊಂಡು ಬೀದಿಗೆ ಓಡಿದೆ. "ಛತ್ತು ಬಿತ್ತು, ಹೊರಗ ಬರ್ರಿ!" ಎಂದು ಕೂಗುತ್ತಲೇ ಇದ್ದೆನಂತೆ. ನನಗೆ ನೆನಪಿಲ್ಲ. ನಾನು ಹಿಡಿದಿದ್ದ ಬಿಗಿಗೆ ಮಗಳ ರಟ್ಟೆ ಕೆಂಪಾಗಿತ್ತು.

ಪಕ್ಕದ ಬಾಗಿಲಿಂದ ಮನೆಯೊಡತಿ ಗಂಗಮ್ಮ ಓಡಿಬಂದರು. "ಏನೂ ಬಿದ್ದಿಲ್ಲ ಕಣವ್ವ. ಅಟ್ಟಕ್ಕೆ ಕಾಯಿ ಸುರೀತಾವ್ರೆ. ಯಾಕಿಂಗೆ ದಿಗಿಲು ಬಿದ್ದೆ?"

ನಮ್ಮ ಭೀಮಾ ತೀರದಲ್ಲಿ ಮನೆಯ ಮೇಲೆ ಮಾಳಿಗೆ, ಅದರ ಮೇಲೆ ಆಕಾಶ. ಮೆಣಸಿನಕಾಯಿ ಒಣಗಿಸುತ್ತೇವೆ, ಸೆಕೆಗೆ ಮಲಗುತ್ತೇವೆ. ಇಲ್ಲಿಯವರು ಮನೆಯೊಳಗೇ, ಸೂರಿನ ಕೆಳಗೆ ಮರದ ಅಟ್ಟ ಕಟ್ಟಿ ತೆಂಗಿನಕಾಯಿ ಕೂಡಿಡುತ್ತಾರೆ. ತಿಂಗಳುಗಟ್ಟಲೆ ಅಲ್ಲೇ ಒಣಗಿ, ನೀರು ಇಂಗಿ, ಅದು ಉಂಡೆ ಕೊಬ್ಬರಿಯಾಗುತ್ತದೆ. ಅದರ ಅಡಿಯಲ್ಲೇ ಇವರು ಉಂಡು, ನಗುತ್ತಾ ಬದುಕುತ್ತಾರೆ. ದಿಗಿಲು ಎಂದರೆ ನಮ್ಮ ಕಡೆಯ ಅಂಜಿಕೆ. ಈ ಊರಿನ ಮಾತಿನಲ್ಲಿ ನಾನು ಮೊದಲು ಕಲಿತ ಪದ ಅದೇ.

ಭೀಮಾ ತೀರದ ನಮ್ಮೂರಲ್ಲಿ ನಾನು ಶಾಲೆಯ ಟೀಚರಾಗಿದ್ದೆ. ಮಳೆಗಾಲದ ಒಂದು ಮಧ್ಯಾಹ್ನ ನಾಲ್ಕನೆಯ ತರಗತಿಯ ಛತ್ತು, ಅಂದರೆ ಚಾವಣಿ, ಒಂದು ಮೂಲೆಯಲ್ಲಿ ಕುಸಿಯಿತು. ಉಳಿದ ಮಕ್ಕಳನ್ನು ಹೊರಗೆ ತಳ್ಳಿದೆ. ಅದರಡಿ ಸಿಕ್ಕಿದ ಸಾವಿತ್ರಿ ಉಳಿಯಲಿಲ್ಲ. ಗೆಳತಿಯೊಡನೆ ಮಾತಾಡುತ್ತಾಳೆಂದು ಹತ್ತು ನಿಮಿಷದ ಹಿಂದೆ ಅವಳನ್ನು ಆ ಮೂಲೆಗೆ ಕೂರಿಸಿದವಳು ನಾನು. ಇದನ್ನು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ಅವಳ ಮನೆಗೆ ಮಾತನಾಡಿಸಲು ಹೋಗುವ ಧೈರ್ಯವೂ ಬರಲಿಲ್ಲ. ನನ್ನ ಸ್ಥಿತಿ ನೋಡಲಾರದೆ ಗಂಡ ಬ್ಯಾಂಕಿನಲ್ಲಿ ದೂರದ ವರ್ಗಾವಣೆ ಕೇಳಿ ಪಡೆದರು. ಊರು ಬಿಟ್ಟರೆ ಮರೆತೀತು ಎಂದುಕೊಂಡಿದ್ದೆವು.

ಮರೆಯಲಿಲ್ಲ. ತೋಟದಲ್ಲಿ ಕಾಯಿ ಕೆಡವುವ ಸದ್ದಿಗೆ ಬೆವರುತ್ತಿದ್ದೆ. ಮಳೆಯ ಮಣ್ಣಿನ ವಾಸನೆಗೆ ಉಸಿರು ಕಟ್ಟುತ್ತಿತ್ತು. ಬೇರೆ ಸಮಯದಲ್ಲಿ ಏನೂ ಅನ್ನಿಸುತ್ತಲೇ ಇರಲಿಲ್ಲ, ಮಗಳು ಅಪ್ಪಿಕೊಂಡರೂ. ಜೋಳದ ಹಿಟ್ಟು ಮುಗಿದಿತ್ತು. ಮುದ್ದೆ ನುಂಗಲು ಬರುತ್ತಿರಲಿಲ್ಲ. ನನ್ನ ಮಾತಿಗೆ ಅಂಗಡಿಯವರು ನಕ್ಕರೆಂದು ಹೊರಗೆ ಹೋಗುವುದನ್ನೇ ಬಿಟ್ಟೆ.

ಗಂಗಮ್ಮ ಮೊದಲು ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದರು. ತಿಂಗಳು ಕಳೆದರೂ ಗುಣ ಕಾಣದಾಗ, "ಇದು ದೇವ್ರಿಂದ ಆಗೋ ಕೆಲ್ಸ ಅಲ್ಲ ಬುಡು, ನಡಿ" ಎಂದು ತಿಪಟೂರಿಗೆ, ಮನೋವೈದ್ಯರ ಬಳಿಗೆ ಕರೆದೊಯ್ದರು.

ಡಾಕ್ಟರು ನನಗಿಂತ ಚಿಕ್ಕ ಹೆಣ್ಣುಮಗಳು. ಅವರ ಮುಂದೆ ಮೊದಲ ಬಾರಿಗೆ ಆ ಮೂಲೆಯ ಮಾತು ಬಾಯಿಂದ ಬಂತು.

"ನನಗ ಹುಚ್ಚು ಹಿಡದದೇನ್ರಿ?" ಎಂದೆ.

"ಇಲ್ಲಮ್ಮ. ಅದು ಮುಗಿದುಹೋಗಿದೆ ಅಂತ ನಿಮ್ಮ ಬುದ್ಧಿಗೆ ಗೊತ್ತು. ಮೈಗೆ ಇನ್ನೂ ಗೊತ್ತಾಗಿಲ್ಲ. ಸದ್ದು ಕೇಳಿದ ತಕ್ಷಣ ಅದು ಈಗಲೇ ಆಗ್ತಿದೆ ಅಂತ ನಿಮ್ಮನ್ನ ಕಾಪಾಡೋಕೆ ಓಡಿಸುತ್ತೆ. ಇದಕ್ಕೆ ಹೆಸರಿದೆ, ಚಿಕಿತ್ಸೆಯೂ ಇದೆ. ಆದ್ರೆ ನಿಧಾನ."

ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆ ಎಂದರು. ಹೆಸರು ಕೇಳಿ ಗುಣವಾಗಲಿಲ್ಲ. ಆದರೆ ನಾನೊಬ್ಬಳೇ ಅಲ್ಲ ಎಂದು ತಿಳಿದು ಅವತ್ತು ಬಸ್ಸಿನಲ್ಲಿ ಬಿಕ್ಕಿಬಿಕ್ಕಿ ಅತ್ತೆ. ಗಂಗಮ್ಮ ಕೈ ಹಿಡಿದು ಕೂತಿದ್ದರು.

ಆಮೇಲೆ ಅಟ್ಟ ಹತ್ತುವ ಮುನ್ನ ಅವರು ಕೂಗಿ ಹೇಳತೊಡಗಿದರು: "ಟೀಚರಮ್ಮ, ಸದ್ದಾಯ್ತದೆ ಕಣವ್ವ!" ಡಾಕ್ಟರು ಕಲಿಸಿದಂತೆ ನಾನು ಗೋಡೆಗೆ ಅಂಗೈ ಒತ್ತಿ ಉಸಿರು ಎಳೆಯುತ್ತಿದ್ದೆ. ಮೊದಮೊದಲು ಹೊಸ್ತಿಲವರೆಗೆ ಓಡುತ್ತಿದ್ದೆ. ಒಂದು ದಿನ ಒಳಗೇ ನಿಂತೆ. ವರ್ಷ ಕಳೆಯುವಷ್ಟರಲ್ಲಿ ಬೀದಿಯ ಮಕ್ಕಳಿಗೆ ಜಗಲಿಯಲ್ಲಿ ಪಾಠ ಹೇಳತೊಡಗಿದ್ದೆ. ಮಳೆ ಬಂದರೆ ಮಾತ್ರ ಇಂದಿಗೂ ಪಾಠ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳಿಸುತ್ತೇನೆ.

ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಸಾವಿತ್ರಿಯ ತಾಯಿ ನೀಲವ್ವನ ಮನೆಗೆ ಹೋದೆ. ನಿಂತೇ ಎಲ್ಲ ಹೇಳಿದೆ: "ಆ ಮೂಲ್ಯಾಗ ಕುಂದರ್ಸಿದಾಕಿ ನಾನs ನೀಲವ್ವ."

ಅವಳು ಮುಖ ತಿರುಗಿಸಿಕೊಂಡಳು. ನಂತರ, "ಅವತ್ತs ಬಂದು ಹೇಳಿದ್ರ ನಿಮ್ಮನ್ನ ಬೈದು, ನಿಮ್ಮ ಕೊರಳಿಗೇ ಬಿದ್ದು ಅಳತಿದ್ದೆ ಅಕ್ಕೋರೆ," ಎಂದಳು. "ನೀವು ಬರಲೇ ಇಲ್ಲ."

ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ನೀರು ಕೊಟ್ಟಳು, ಕುಡಿದೆ. ಅಂಗಳದಲ್ಲಿ ನನ್ನ ಮಗಳು ಅಲ್ಲಿಯ ಮಕ್ಕಳಿಗೆ "ಬತ್ತೀನಿ ಕಣೇ, ತಡಿ" ಎನ್ನುತ್ತಿದ್ದಳು. ಅವರು ಆ ಮಾತಿಗೆ ನಗುತ್ತಿದ್ದರು.

ಹೊರಟಾಗ ನೀಲವ್ವ ಬಾಗಿಲಿಗೆ ಬಂದು ಕೇಳಿದಳು: "ಊರಿಗೆ ಯಾವಾಗ ಹೊಂಟೀರಿ?"

ಊರು ಎಂದಳು, ತುರುವೇಕೆರೆಯನ್ನು, ಈಗ ಅದೇ ನನ್ನ ಊರೆಂಬಂತೆ. "ನಾಳೆ" ಎಂದೆ. ಹಾಗೆ ಹೇಳಿ ಹೊರಟವಳಿಗೆ ಅವಳ ಓಣಿ ದಾಟುವವರೆಗೂ ತಿರುಗಿ ನೋಡಲಾಗಲಿಲ್ಲ.